ಕಾಲು ಡಾಲರ್ ಮೇಲೆ ಅಲ್ತಿಯಾ ಗಿಬ್ಸನ್: ಒಬ್ಬಾಕೆ ಇಷ್ಟೊಂದು ಆಟ ಯಾಕೆ ಆಡಬೇಕಾಯಿತು?

2025ರ ಕೊನೆಯ ಆರು ತಿಂಗಳಲ್ಲಿ ಅಮೆರಿಕದ ನಾಣ್ಯಗಳ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಆಗಸ್ಟ್‌ನಲ್ಲಿ 25 ಸೆಂಟ್ ನಾಣ್ಯದ ಮೇಲೆ ಟೆನಿಸ್ ಆಟಗಾರ್ತಿ ಅಲ್ತಿಯಾ ಗಿಬ್ಸನ್ ಬಂದರು. ಅದೇ ತಿಂಗಳು ನಡೆದ ಯುಎಸ್ ಓಪನ್, ಅವರು ಆ ಟೂರ್ನಿಯಲ್ಲಿ ಮೊದಲ ಸಲ ಆಡಿ 75 ವರ್ಷ ತುಂಬಿತು ಅಂತ ಅವರದೇ ಚಿತ್ರವನ್ನು ಪೋಸ್ಟರ್ ಮಾಡಿಕೊಂಡಿತು. ನವೆಂಬರ್‌ನಲ್ಲಿ ಒಂದು ಸೆಂಟ್ ನಾಣ್ಯ ಟಂಕಿಸುವುದನ್ನೇ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ 2026ರ ನಾಣ್ಯಗಳ ವಿನ್ಯಾಸ ಹೊರಬಂತು. ಮಹಿಳೆಯರ ಮತದಾನದ ಹಕ್ಕು, ಕಪ್ಪು ವರ್ಣೀಯರ ನಾಗರಿಕ ಹಕ್ಕು, ಇವುಗಳ ಚಿತ್ರ ಬರುತ್ತವೆ ಅಂತ ಕಾದಿದ್ದವರಿಗೆ ಅವು ಅದರಲ್ಲಿ ಕಾಣಿಸಲಿಲ್ಲ.

ಹೀಗಾಗಿ 'ಮಹಿಳೆಯರ ನಾಣ್ಯ ನಿಲ್ಲಿಸಿಬಿಟ್ಟರಂತೆ', 'ಗಿಬ್ಸನ್ ನಾಣ್ಯ ವಾಪಸ್ ತಗೊಳ್ತಾರಂತೆ' ಅನ್ನುವ ಥರದ ಮಾತು ಹುಟ್ಟಿಕೊಳ್ಳುವುದು ಸುಲಭ. ಇನ್ನೊಂದು ಕಡೆ, ಈ ಗಿಬ್ಸನ್ ಯಾರು, ಟೆನಿಸ್ ಆಡಿದವರನ್ನು ಗಾಲ್ಫ್‌ನಲ್ಲೂ ಮೊದಲಿಗರು ಅಂತ ಯಾಕೆ ಕರೆಯುತ್ತಾರೆ, ವಿಂಬಲ್ಡನ್ ಗೆದ್ದವರು ಕೊನೆಗೆ ಮನೆ ಬಾಡಿಗೆಗೂ ಪರದಾಡಿದರು ಅನ್ನುವುದು ನಿಜವಾ, ಇವೂ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ನಿಂತದ್ದಲ್ಲ, ಮುಗಿದದ್ದು

ಅಮೆರಿಕದಲ್ಲಿ 25 ಸೆಂಟ್ ನಾಣ್ಯಕ್ಕೆ ಕ್ವಾರ್ಟರ್ ಅನ್ನುತ್ತಾರೆ. ನಮ್ಮಲ್ಲಿ ಹಿಂದೆ ನಾಲ್ಕಾಣೆ ಇತ್ತಲ್ಲ, ಲೆಕ್ಕ ಅದೇ: ದೊಡ್ಡ ನಾಣ್ಯದ ಕಾಲು ಭಾಗ. ಅದರ ಮುಂಭಾಗದಲ್ಲಿ 1932ರಿಂದ ಜಾರ್ಜ್ ವಾಷಿಂಗ್ಟನ್ ಮುಖವಿದೆ. ಹಿಂಭಾಗದ ಚಿತ್ರ ಮಾತ್ರ ಆಗಾಗ ಬದಲಾಗುತ್ತದೆ.

ಈ ಬದಲಾವಣೆ ಯಾರೋ ಒಬ್ಬ ಅಧಿಕಾರಿಯ ಇಷ್ಟಕ್ಕೆ ನಡೆಯುವಂಥದ್ದಲ್ಲ, ಅದಕ್ಕೆ ಕಾನೂನು ಬೇಕು. 2022ರಿಂದ 2025ರವರೆಗೆ ವರ್ಷಕ್ಕೆ ಐವರಂತೆ ಒಟ್ಟು 20 ಮಹಿಳೆಯರ ಚಿತ್ರ ಬರಲು ದಾರಿ ಮಾಡಿಕೊಟ್ಟ ಕಾನೂನಿಗೆ 2021ರ ಜನವರಿಯಲ್ಲಿ ಸಹಿ ಬಿತ್ತು. ಸಹಿ ಹಾಕಿದ್ದು ಡೊನಾಲ್ಡ್ ಟ್ರಂಪ್, ತಮ್ಮ ಮೊದಲ ಅವಧಿಯ ಕೊನೆಯ ದಿನಗಳಲ್ಲಿ. ಬದುಕಿರುವವರ ಚಿತ್ರ ಹಾಕುವಂತಿಲ್ಲ ಅನ್ನುವ ಷರತ್ತೂ ಅದರಲ್ಲಿತ್ತು. 2022ರಲ್ಲಿ ಕವಯಿತ್ರಿ ಮಾಯಾ ಏಂಜೆಲೋ ಅವರಿಂದ ಶುರುವಾದ ಸರಣಿಯಲ್ಲಿ ಗಿಬ್ಸನ್ ಇಪ್ಪತ್ತನೆಯವರು. ಅಂದರೆ ಕೊನೆಯವರು. ಸರಣಿ ನಿಗದಿಯಾದ ದಿನಕ್ಕೇ ಮುಗಿದಿದೆ. ಬಂದ ನಾಣ್ಯಗಳು ಚಲಾವಣೆಯಲ್ಲೇ ಇರುತ್ತವೆ, ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ಸೆಂಟ್ ನಾಣ್ಯದ ಸುದ್ದಿಗೂ ಇದಕ್ಕೂ ಸಂಬಂಧವಿಲ್ಲ. ಆ ಸಣ್ಣ ನಾಣ್ಯ ತಯಾರಿಸುವ ಖರ್ಚು ಅದರ ಬೆಲೆಗಿಂತ ಜಾಸ್ತಿಯಾಗಿತ್ತು, ಅದಕ್ಕೇ ನಿಲ್ಲಿಸಿದರು.

ನಿಜವಾದ ಜಗಳ ಇರುವುದು 2026ರ ನಾಣ್ಯಗಳ ಮೇಲೆ. ಅಮೆರಿಕ ಸ್ವತಂತ್ರವಾಗಿ 250 ವರ್ಷವಾಗುವ ವರ್ಷ ಅದು, ಹಾಗಾಗಿ ಅದೇ ಕಾನೂನು ಆ ಒಂದು ವರ್ಷಕ್ಕೆ ವಿಶೇಷ ಚಿತ್ರಗಳನ್ನು ಕೇಳುತ್ತದೆ. ಹಿಂದಿನ ಸರ್ಕಾರದ ಕಾಲದಲ್ಲಿ ಸಲಹಾ ಸಮಿತಿ ಒಪ್ಪಿದ್ದ ಪಟ್ಟಿಯಲ್ಲಿ ಗುಲಾಮಗಿರಿ ವಿರುದ್ಧದ ಹೋರಾಟ, ಮಹಿಳಾ ಮತದಾನ, ನಾಗರಿಕ ಹಕ್ಕು ಇದ್ದವು. ಹೊರಬಂದ ಪಟ್ಟಿಯಲ್ಲಿ ಸ್ವಾತಂತ್ರ್ಯ ಯುದ್ಧ, ಸಂವಿಧಾನ, ಅಧ್ಯಕ್ಷ ಲಿಂಕನ್ ಮಾಡಿದ ಗೆಟಿಸ್‌ಬರ್ಗ್ ಭಾಷಣ ಇಂಥವು ಬಂದವು. ದೇಶ ಹುಟ್ಟಿದ ಹಬ್ಬದಲ್ಲಿ ದೇಶ ಕಟ್ಟಿದವರ ಕಥೆ ಇರಲಿ ಅಂತ ಒಂದು ಕಡೆಯವರು. ಕಟ್ಟಿದವರು ಬಾಗಿಲಾಚೆ ನಿಲ್ಲಿಸಿದ ಜನ ಒಳಗೆ ಬಂದದ್ದೂ ಅದೇ ದೇಶದ ಕಥೆ ಅಲ್ವಾ ಅಂತ ಇನ್ನೊಂದು ಕಡೆಯವರು. ಗಿಬ್ಸನ್ ನಾಣ್ಯದ ಹಿಂದೆಯೇ ಈ ಜಗಳ ಬಂದದ್ದರಿಂದ ಅವರ ಹೆಸರೂ ಅದರೊಳಗೆ ಎಳೆದಾಡಿಸಿಕೊಂಡಿದೆ.

ರಾಜಕೀಯದ ಮಾತು ಇಷ್ಟು ಸಾಕು. ನಾಣ್ಯದ ಮೇಲಿರುವ ಹೆಂಗಸಿನ ಕಡೆ ಬರೋಣ. ಆಕೆಯನ್ನು ಬಹುಮುಖ ಪ್ರತಿಭೆ ಅಂತ ಎಲ್ಲರೂ ಹೊಗಳುತ್ತಾರೆ. ಅದು ನಿಜವೇ. ಆದರೆ ಒಂದು ಆಟದಿಂದ ಇನ್ನೊಂದಕ್ಕೆ ಆಕೆ ಹೋದ ಪ್ರತಿ ಸಲವೂ ಒಂದು ಕಾರಣವಿತ್ತು, ಆ ಕಾರಣ ಪ್ರತಿಭೆಗಿಂತ ಬೇರೆಯದ್ದು.

ಹಾರ್ಲೆಮ್‌ನ ಬೀದಿ

ಅಲ್ತಿಯಾ ಹುಟ್ಟಿದ್ದು 1927ರ ಆಗಸ್ಟ್ 25ರಂದು, ದಕ್ಷಿಣ ಕೆರೊಲಿನಾದ ಸಿಲ್ವರ್ ಅನ್ನುವ ಪುಟ್ಟ ಊರಲ್ಲಿ. ಮನೆಯವರು ಬೇರೆಯವರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆಯುತ್ತಿದ್ದರು. 1930ರ ಹೊತ್ತಿಗೆ ಬೇಸಾಯ ಕೈಕೊಟ್ಟು ಕುಟುಂಬ ನ್ಯೂಯಾರ್ಕ್‌ನ ಹಾರ್ಲೆಮ್ ಸೇರಿತು. ಮನೆ ಇದ್ದದ್ದು 143ನೇ ಬೀದಿಯಲ್ಲಿ.

ಈ ಬೀದಿಯೇ ಕಥೆಯ ಮೊದಲ ತಿರುವು. ಮಕ್ಕಳು ಆಡಲಿ ಅಂತ ಪೊಲೀಸರ ಕ್ರೀಡಾ ಸಂಘ ಹಗಲಲ್ಲಿ ಆ ಬೀದಿಗೆ ಅಡ್ಡಗಟ್ಟೆ ಹಾಕಿ ವಾಹನ ನಿಲ್ಲಿಸುತ್ತಿತ್ತು. ಅಲ್ಲಿ ಆಡುತ್ತಿದ್ದ ಆಟ ಪ್ಯಾಡಲ್ ಟೆನಿಸ್. ಟೆನಿಸ್ ಥರವೇ, ಆದರೆ ಅಂಗಳ ಚಿಕ್ಕದು, ರ್‍ಯಾಕೆಟ್ ಬದಲು ಮರದ ಹಲಗೆಯಂಥ ಬ್ಯಾಟು. ಟಾರು ರಸ್ತೆ ಮೇಲೆ ಗೆರೆ ಎಳೆದರೆ ಮುಗಿಯಿತು, ಖರ್ಚೇ ಇಲ್ಲ. 12ನೇ ವಯಸ್ಸಿಗೆ, 1939ರಲ್ಲಿ, ಅಲ್ತಿಯಾ ನ್ಯೂಯಾರ್ಕ್ ನಗರದ ಪ್ಯಾಡಲ್ ಟೆನಿಸ್ ಚಾಂಪಿಯನ್. ಶಾಲೆಗೆ ಹೋಗುವುದಕ್ಕಿಂತ ತಪ್ಪಿಸಿಕೊಂಡದ್ದೇ ಜಾಸ್ತಿ. ಬಾಸ್ಕೆಟ್‌ಬಾಲ್ ಆಡಿದಳು, ಸಿಕ್ಕಿದ್ದೆಲ್ಲ ಆಡಿದಳು. ತನ್ನನ್ನು ತಾನು ಕಾಪಾಡಿಕೊಳ್ಳಲಿ ಅಂತ ಅಪ್ಪ ಬಾಕ್ಸಿಂಗ್ ಹೇಳಿಕೊಟ್ಟಿದ್ದರು.

ಆ ಬೀದಿ ಆಟಗಳ ಉಸ್ತುವಾರಿ ನೋಡುತ್ತಿದ್ದ ಬಡ್ಡಿ ವಾಕರ್ ಅನ್ನುವ ಸಂಗೀತಗಾರ ಅವಳಿಗೆ ನಿಜವಾದ ಟೆನಿಸ್ ರ್‍ಯಾಕೆಟ್ ಕೊಡಿಸಿದರು. ಆಮೇಲೆ ಕಾಸ್ಮಾಪಾಲಿಟನ್ ಟೆನಿಸ್ ಕ್ಲಬ್‌ನಲ್ಲಿ ಸದಸ್ಯತ್ವ. ಅದು ಹಾರ್ಲೆಮ್‌ನ ಕಪ್ಪು ವರ್ಣೀಯರ ಕ್ಲಬ್, ಅವಳ ಸದಸ್ಯತ್ವದ ಹಣವನ್ನು ಅಲ್ಲಿನ ಜನವೇ ಚಂದಾ ಎತ್ತಿ ಕಟ್ಟಿದರು. ಅಂದರೆ ಬೀದಿಯ ಆಟದಿಂದ ಟೆನಿಸ್‌ಗೆ ಹೋದದ್ದು ಅವಳ ಆಯ್ಕೆಗಿಂತ ಹೆಚ್ಚಾಗಿ ಸುತ್ತಲಿನವರ ಹಠ. ಇದಾದ ಮೇಲೆ ಉತ್ತರ ಕೆರೊಲಿನಾದ ಡಾ. ಹ್ಯೂಬರ್ಟ್ ಈಟನ್, ವರ್ಜೀನಿಯಾದ ಡಾ. ರಾಬರ್ಟ್ ಜಾನ್ಸನ್ ಅನ್ನುವ ಇಬ್ಬರು ವೈದ್ಯರು ಅವಳನ್ನು ಮನೆ ಮಗಳಂತೆ ನೋಡಿಕೊಂಡರು. ಈಟನ್ ಮನೆಯಲ್ಲಿ ಉಳಿದು, ಅರ್ಧಕ್ಕೆ ಬಿಟ್ಟಿದ್ದ ಹೈಸ್ಕೂಲು ಮುಗಿಸಿದಳು. ಅಲ್ಲಿಂದ ಫ್ಲಾರಿಡಾದ ಕಾಲೇಜು, 1953ರಲ್ಲಿ ಪದವಿ.

ಮಳೆ ಬಂದ ದಿನ

ಆಗ ಅಮೆರಿಕದಲ್ಲಿ ಟೆನಿಸ್ ಎರಡು ಮನೆಯಾಗಿತ್ತು. ಬಿಳಿಯರ ಸಂಘ ಒಂದು. ಅಲ್ಲಿ ಜಾಗವಿಲ್ಲದ ಕಪ್ಪು ವರ್ಣೀಯರು 1916ರಲ್ಲಿ ಕಟ್ಟಿಕೊಂಡ ಅಮೆರಿಕನ್ ಟೆನಿಸ್ ಅಸೋಸಿಯೇಷನ್ ಇನ್ನೊಂದು. ಈ ಎರಡನೆಯ ಸಂಘದ ಮಹಿಳಾ ಪ್ರಶಸ್ತಿಯನ್ನು ಗಿಬ್ಸನ್ 1947ರಿಂದ ಸತತ 10 ವರ್ಷ ಗೆದ್ದರು. ಮೊದಲ ಮನೆಯ ಬಾಗಿಲು ಮಾತ್ರ ತೆಗೆಯಲಿಲ್ಲ.

ಬಾಗಿಲು ಹಾಕಿದ್ದ ರೀತಿ ನೋಡಬೇಕು. 'ಕಪ್ಪು ವರ್ಣೀಯರು ಬರಬಾರದು' ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಾಷ್ಟ್ರೀಯ ಟೂರ್ನಿಗೆ ಬರಬೇಕಾದರೆ ಅದಕ್ಕೆ ಮುಂಚೆ ಕೆಲವು ಟೂರ್ನಿಗಳಲ್ಲಿ ಆಡಿ ತೋರಿಸಿರಬೇಕು. ಆ ಟೂರ್ನಿಗಳು ನಡೆಯುತ್ತಿದ್ದದ್ದು ಬಿಳಿಯರ ಖಾಸಗಿ ಕ್ಲಬ್‌ಗಳಲ್ಲಿ. ಆಹ್ವಾನವಿಲ್ಲದೆ ಒಳಗೆ ಹೋಗುವಂತಿಲ್ಲ. ಹೀಗೆ ಒಂದು ನಿಯಮ ಇನ್ನೊಂದರ ಬೆನ್ನಿಗೆ ನಿಂತು ಕೆಲಸ ಮುಗಿಸುತ್ತಿತ್ತು, ಯಾರ ಕೈಗೂ ಮಸಿ ಅಂಟುತ್ತಿರಲಿಲ್ಲ.

ಇದನ್ನು ಮುರಿದದ್ದು ಆಲಿಸ್ ಮಾರ್ಬಲ್. ನಾಲ್ಕು ಸಲ ಅಮೆರಿಕದ ಚಾಂಪಿಯನ್ ಆಗಿದ್ದ ಬಿಳಿಯ ಆಟಗಾರ್ತಿ. 1950ರ ಜುಲೈನಲ್ಲಿ ಟೆನಿಸ್ ಪತ್ರಿಕೆಯೊಂದರಲ್ಲಿ ತಮ್ಮ ಆಟದವರನ್ನೇ ತರಾಟೆಗೆ ತೆಗೆದುಕೊಂಡರು: ಇದು ಸಭ್ಯರ ಆಟ ಅನ್ನುವುದಾದರೆ ಸಭ್ಯರ ಹಾಗೆ ನಡೆದುಕೊಳ್ಳಿ, ಈ ಹುಡುಗಿ ಸೋಲುವುದಾದರೆ ಅಂಗಳದಲ್ಲಿ ಸೋಲಲಿ ಅನ್ನುವುದು ಅವರ ಮಾತಿನ ಸಾರ. ಕೆಲವೇ ವಾರಗಳಲ್ಲಿ ಆಹ್ವಾನ ಬಂತು.

ಈಗ ಯುಎಸ್ ಓಪನ್ ಅನ್ನುವ ಆ ರಾಷ್ಟ್ರೀಯ ಟೂರ್ನಿ ಆಗ ನಡೆಯುತ್ತಿದ್ದದ್ದು ನ್ಯೂಯಾರ್ಕ್‌ನ ಫಾರೆಸ್ಟ್ ಹಿಲ್ಸ್‌ನಲ್ಲಿ. 1950ರ ಆಗಸ್ಟ್ 28ರಂದು ಅಲ್ಲಿ ಗಿಬ್ಸನ್ ಮೊದಲ ಪಂದ್ಯ ಆಡಿ 6-2, 6-2ರಲ್ಲಿ ಗೆದ್ದರು. ಎರಡನೇ ಸುತ್ತಿನಲ್ಲಿ ಎದುರಿಗಿದ್ದವರು ಲೂಯಿಸ್ ಬ್ರೋ, ಆ ವರ್ಷವೂ ಸೇರಿ ಸತತ ಮೂರು ವಿಂಬಲ್ಡನ್ ಗೆದ್ದವರು. ಮೊದಲ ಸೆಟ್ 1-6. ಎರಡನೆಯದು 6-3. ಮೂರನೆಯದರಲ್ಲಿ ಗಿಬ್ಸನ್ 7-6 ಮುಂದಿದ್ದಾಗ ಆಕಾಶ ಕಪ್ಪಾಗಿ ಮಳೆ ಹೊಡೆಯಿತು. ಕ್ರೀಡಾಂಗಣದ ನೆತ್ತಿ ಮೇಲಿದ್ದ ಕಲ್ಲಿನ ಹದ್ದುಗಳಲ್ಲಿ ಒಂದಕ್ಕೆ ಸಿಡಿಲು ಬಡಿದು ಅದು ಕೆಳಕ್ಕೆ ಉರುಳಿತು. ಪಂದ್ಯ ಮಾರನೇ ದಿನಕ್ಕೆ. ಗೆಲ್ಲಲು ಇನ್ನೊಂದೇ ಗೇಮ್ ಬೇಕು ಅನ್ನುವ ಸ್ಥಿತಿಯಲ್ಲಿ ಒಂದು ರಾತ್ರಿ ಪೂರ್ತಿ ಕಾಯುವುದು ಹೇಗಿರಬಹುದು ಯೋಚಿಸಿ. ಮರುದಿನ ಮೂರೇ ಗೇಮ್ ಆಡಿದರು, ಮೂರೂ ಬ್ರೋ ಪಾಲಾದವು, 9-7.

ಸೋತರೂ ಬಾಗಿಲು ತೆಗೆದಿತ್ತು. ಯುಎಸ್ ಓಪನ್ 2025ರಲ್ಲಿ ನೆನೆದ 75 ವರ್ಷ ಇದೇ.

ಭಾರತದಲ್ಲಿ ಸಿಕ್ಕ ಗೆಳತಿ

ಬಾಗಿಲು ತೆಗೆದ ತಕ್ಷಣ ಗೆಲುವು ಬರಲಿಲ್ಲ. ಐದು ವರ್ಷ ಏಳುಬೀಳು. ಆಟ ಬಿಟ್ಟು ಸೇನೆಯ ಮಹಿಳಾ ವಿಭಾಗ ಸೇರಿಬಿಡೋಣ ಅನ್ನುವವರೆಗೂ ಯೋಚನೆ ಹೋಗಿತ್ತು. ಆಗ ಬಂದದ್ದು ವಿದೇಶಾಂಗ ಇಲಾಖೆಯ ಕರೆ: ಏಷ್ಯಾದ ದೇಶಗಳಿಗೆ ಸೌಹಾರ್ದ ಪ್ರವಾಸ.

ಇದಕ್ಕೂ ಕಾರಣವಿದೆ. 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ವರ್ಣೀಯ ಹುಡುಗನನ್ನು ಬಿಳಿಯರು ಕೊಂದು ನದಿಗೆ ಎಸೆದಿದ್ದರು. ಪ್ರಪಂಚವೇ ಅಮೆರಿಕದ ಕಡೆ ಬೆರಳು ತೋರಿಸಿತ್ತು. ರಷ್ಯಾ ಜೊತೆ ಶೀತಲ ಸಮರ ನಡೆಯುತ್ತಿದ್ದ ಕಾಲ. ಹೊಸದಾಗಿ ಸ್ವತಂತ್ರವಾದ ಏಷ್ಯಾದ ದೇಶಗಳ ಮುಂದೆ 'ನೋಡಿ, ನಮ್ಮಲ್ಲಿ ಕಪ್ಪು ವರ್ಣೀಯ ಆಟಗಾರ್ತಿಯೂ ಇದ್ದಾಳೆ' ಅಂತ ತೋರಿಸಬೇಕಿತ್ತು. ತವರಿನಲ್ಲಿ ಎಷ್ಟೋ ಹೋಟೆಲುಗಳಲ್ಲಿ ಕೋಣೆ ಸಿಗದಿದ್ದ ಗಿಬ್ಸನ್ ಹೊರಗಡೆ ದೇಶದ ಮುಖವಾದರು. ಬರ್ಮಾ, ಸಿಲೋನ್, ಪಾಕಿಸ್ತಾನ, ಭಾರತ ಎಲ್ಲ ಕಡೆ ಆಡಿದರು.

ಸರ್ಕಾರದ ಉದ್ದೇಶ ಏನೇ ಇರಲಿ, ಆಟಕ್ಕೆ ಮಾತ್ರ ಈ ಪ್ರವಾಸ ಒಳ್ಳೆಯದನ್ನೇ ಮಾಡಿತು. ಬಿಡುವಿಲ್ಲದೆ ಪಂದ್ಯ, ಬೇರೆ ಬೇರೆ ಅಂಗಳ, ಹೋದಲ್ಲೆಲ್ಲ ಆದರ. ಭಾರತದಲ್ಲೇ ಅವರಿಗೆ ಏಂಜೆಲಾ ಬಕ್ಸ್‌ಟನ್ ಸಿಕ್ಕಿದ್ದು. ಇಂಗ್ಲೆಂಡಿನ ಯಹೂದಿ ಹುಡುಗಿ, ಆಕೆಗೂ ಕ್ಲಬ್‌ಗಳ ಬಾಗಿಲು ಹಾಕಿಸಿಕೊಂಡು ಅಭ್ಯಾಸವಿತ್ತು. ಇಬ್ಬರನ್ನೂ ಡಬಲ್ಸ್‌ಗೆ ಯಾರೂ ಜೊತೆ ಕರೆಯುತ್ತಿರಲಿಲ್ಲ, ಹಾಗಾಗಿ ಇಬ್ಬರೂ ಒಂದಾದರು. 1956ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಡಬಲ್ಸ್ ಈ ಜೋಡಿಯದ್ದು. ಅದೇ ವರ್ಷ ಫ್ರೆಂಚ್ ಸಿಂಗಲ್ಸ್ ಗೆದ್ದು ಗಿಬ್ಸನ್ ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಕಪ್ಪು ವರ್ಣೀಯರಾದರು, ಹೆಣ್ಣು ಗಂಡು ಎರಡೂ ಸೇರಿ. ಈ ಬಕ್ಸ್‌ಟನ್ ಹೆಸರು ನೆನಪಿಟ್ಟುಕೊಳ್ಳಿ, 40 ವರ್ಷ ಆದ ಮೇಲೆ ಮತ್ತೆ ಬರುತ್ತದೆ.

ಕಿರೀಟ ಬಂತು, ಕಾಸು ಬರಲಿಲ್ಲ

1957ರಲ್ಲಿ ವಿಂಬಲ್ಡನ್. ಫೈನಲ್‌ನಲ್ಲಿ ಡಾರ್ಲೀನ್ ಹಾರ್ಡ್ ವಿರುದ್ಧ 6-3, 6-2. ತಟ್ಟೆಯಾಕಾರದ ಆ ಪ್ರಶಸ್ತಿಯನ್ನು ಕೊಟ್ಟದ್ದು ರಾಣಿ ಎಲಿಜಬೆತ್. ನ್ಯೂಯಾರ್ಕ್‌ಗೆ ಬಂದಿಳಿದಾಗ ತೆರೆದ ಕಾರಿನಲ್ಲಿ ಮೆರವಣಿಗೆ, ಎರಡೂ ಬದಿಯ ಕಟ್ಟಡಗಳಿಂದ ಕಾಗದದ ಚೂರುಗಳ ಮಳೆ. ಅದಕ್ಕೆ ಮೊದಲು ಇಂಥ ಗೌರವ ಸಿಕ್ಕಿದ್ದ ಕಪ್ಪು ವರ್ಣೀಯ ಅಮೆರಿಕನ್ ಅಂದರೆ ಓಟಗಾರ ಜೆಸ್ಸಿ ಓವೆನ್ಸ್ ಒಬ್ಬರೇ. ಅದೇ ವರ್ಷ ಅಮೆರಿಕದ ಪ್ರಶಸ್ತಿಯೂ ಬಂತು, ಫೈನಲ್‌ನಲ್ಲಿ ಸೋತವರು ಏಳು ವರ್ಷದ ಹಿಂದೆ ಮಳೆಯಲ್ಲಿ ಪಾರಾಗಿದ್ದ ಅದೇ ಲೂಯಿಸ್ ಬ್ರೋ. 1958ರಲ್ಲಿ ಎರಡನ್ನೂ ಉಳಿಸಿಕೊಂಡರು. ಒಟ್ಟು 11 ಗ್ರ್ಯಾಂಡ್‌ಸ್ಲಾಮ್: ಸಿಂಗಲ್ಸ್ 5, ಡಬಲ್ಸ್ 5, ಮಿಶ್ರ ಡಬಲ್ಸ್ 1.

ಬಹುಮಾನದ ಹಣ ಎಷ್ಟು? ಸೊನ್ನೆ.

ಇವತ್ತಿನವರಿಗೆ ನಂಬಲು ಕಷ್ಟವಾಗುವುದು ಇಲ್ಲೇ. 1968ರವರೆಗೆ ವಿಂಬಲ್ಡನ್ನಂಥ ದೊಡ್ಡ ಟೂರ್ನಿಗಳಲ್ಲಿ ಹವ್ಯಾಸಿಗಳು ಮಾತ್ರ ಆಡಬಹುದಿತ್ತು. ಆಟಕ್ಕೆ ಹಣ ಪಡೆದರೆ ಹೊರಗೆ. ಓಡಾಟದ ಖರ್ಚಿಗೆ ಅಂತ ಒಂದಷ್ಟು ಸಿಗುತ್ತಿತ್ತು, ಅಷ್ಟೇ. ಆಟ ಪವಿತ್ರವಾಗಿರಬೇಕು, ದುಡ್ಡು ಬಂದರೆ ಕೆಡುತ್ತದೆ ಅನ್ನುವುದು ಇದರ ಹಿಂದಿನ ವಾದ. ಮನೆಯಲ್ಲಿ ಆಸ್ತಿ ಇದ್ದವರಿಗೆ ಈ ವಾದ ಚೆನ್ನಾಗಿಯೇ ಇತ್ತು. ಪಾಲಿಗೆ ಹತ್ತಿ ಬೆಳೆದವರ ಮಗಳಿಗೆ? ಗಂಡಸರಲ್ಲಿ ಚಾಂಪಿಯನ್ ಆದವರಿಗೆ ಹಣ ಕೊಟ್ಟು ಆಡಿಸುವ ಪ್ರದರ್ಶನ ಪಂದ್ಯಗಳ ತಂಡಗಳಾದರೂ ಇದ್ದವು. ಹೆಂಗಸರಿಗೆ ನೆಚ್ಚಿಕೊಳ್ಳಬಹುದಾದ ಅಂಥ ಏರ್ಪಾಡು ಇರಲಿಲ್ಲ.

ಕಿರೀಟ ತಿಂದು ಹೊಟ್ಟೆ ತುಂಬುವುದಿಲ್ಲ ಅನ್ನುವ ಅರ್ಥದ ಮಾತನ್ನು ಗಿಬ್ಸನ್ ಆಮೇಲೆ ಹೇಳಿದರು. ಆಟ ಆಟ ಅಂತ ಓಡುವ ಹುಡುಗಿಗೆ ನಮ್ಮ ಮನೆಗಳಲ್ಲೂ 'ಆಟ ಅನ್ನ ಹಾಕುತ್ತಾ?' ಅಂತ ಕೇಳುತ್ತಾರಲ್ಲ, ಪ್ರಪಂಚದ ಒಂದನೇ ನಂಬರಿನ ಆಟಗಾರ್ತಿಗೂ ಆ ಪ್ರಶ್ನೆ ತಪ್ಪಲಿಲ್ಲ. 1958ರಲ್ಲಿ, 31ನೇ ವಯಸ್ಸಿನಲ್ಲಿ, ಆಟದ ತುದಿಯಲ್ಲಿರುವಾಗಲೇ ಹವ್ಯಾಸಿ ಟೆನಿಸ್ ಬಿಟ್ಟರು.

ಕಾರಿನಲ್ಲಿ ಶೂ ಬದಲಿಸಿದ ಗಾಲ್ಫರ್

ಆಮೇಲಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳ ಪಟ್ಟಿ ಉದ್ದ. ಹಾಡಿನ ಆಲ್ಬಂ ಮಾಡಿದರು. ಹಾಲಿವುಡ್ ಸಿನಿಮಾವೊಂದರಲ್ಲಿ ಪಾತ್ರ ಮಾಡಿದರು. ಬ್ರೆಡ್ ಕಂಪನಿಯೊಂದರ ಪ್ರಚಾರಕ್ಕೆ ಊರೂರು ಸುತ್ತಿದರು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಅನ್ನುವ ಹೆಸರಾಂತ ಬಾಸ್ಕೆಟ್‌ಬಾಲ್ ತಂಡದ ಜೊತೆ ಪ್ರವಾಸ ಹೋಗಿ, ಬಾಸ್ಕೆಟ್‌ಬಾಲ್ ಅಂಗಳದಲ್ಲೇ ಟೆನಿಸ್ ನೆಟ್ ಕಟ್ಟಿಸಿ ಪ್ರದರ್ಶನ ಪಂದ್ಯ ಆಡಿದರು. ಸುಮಾರು 1 ಲಕ್ಷ ಡಾಲರ್ ಒಪ್ಪಂದ ಅಂತ ಆಗ ಸುದ್ದಿಯಾಗಿತ್ತು, ಕೈಗೆ ಬಂದ ದೊಡ್ಡ ಹಣ ಅಂದರೆ ಅದೇ. ಅದರ ಧೈರ್ಯದಲ್ಲಿ ಸ್ವಂತ ಪ್ರವಾಸ ಕಟ್ಟಿದರು. ಜನ ಬರಲಿಲ್ಲ, ಗಳಿಸಿದ್ದು ಕರಗಿತು.

ಆಗ ಕಂಡದ್ದು ಗಾಲ್ಫ್. ಯಾಕೆ ಗಾಲ್ಫೇ? ಮಹಿಳಾ ಗಾಲ್ಫ್ ಆಟಗಾರ್ತಿಯರು 1950ರಲ್ಲೇ ಎಲ್‌ಪಿಜಿಎ ಅನ್ನುವ ತಮ್ಮದೇ ವೃತ್ತಿಪರ ಸಂಘ ಕಟ್ಟಿಕೊಂಡಿದ್ದರು. ಹೆಂಗಸರು ಆಡಿ, ಬಹುಮಾನದ ಹಣ ಪಡೆದು, ಅದನ್ನು ಮುಚ್ಚುಮರೆ ಇಲ್ಲದೆ ಮನೆಗೆ ಒಯ್ಯಬಹುದಾದ ಜಾಗ ಅಂದರೆ ಆಗ ಹೆಚ್ಚುಕಡಿಮೆ ಅದೊಂದೇ. ಟೆನಿಸ್‌ನಂತೆ 30 ದಾಟಿದರೆ ಮುಗಿಯಿತು ಅನ್ನುವ ಆಟವೂ ಅಲ್ಲ. ಲೆಕ್ಕ ಸರಿಯಾಗಿಯೇ ಇತ್ತು. 1964ರಲ್ಲಿ, 37ನೇ ವಯಸ್ಸಿನಲ್ಲಿ, ಎಲ್‌ಪಿಜಿಎ ಸೇರಿದ ಮೊದಲ ಕಪ್ಪು ವರ್ಣೀಯ ಮಹಿಳೆಯಾದರು.

ಟೆನಿಸ್‌ನಲ್ಲಿ ಒಮ್ಮೆ ಮುರಿದ ಬಾಗಿಲು ಇಲ್ಲಿ ಮತ್ತೆ ಎದುರಾಯಿತು. ಗಂಡಸರ ವೃತ್ತಿಪರ ಗಾಲ್ಫ್ ಸಂಘ 'ಬಿಳಿಯರಿಗೆ ಮಾತ್ರ' ಅನ್ನುವ ನಿಯಮವನ್ನು ತೆಗೆದದ್ದೇ 1961ರಲ್ಲಿ. ದಕ್ಷಿಣದ ಕ್ಲಬ್‌ಗಳು ಗಿಬ್ಸನ್‌ರನ್ನು ಮೈದಾನಕ್ಕೆ ಬಿಟ್ಟರೂ ಕ್ಲಬ್ ಕಟ್ಟಡದೊಳಗೆ ಬಿಡುತ್ತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆ ಇಲ್ಲ, ಶೌಚಾಲಯ ಇಲ್ಲ, ಊಟದ ಮೇಜು ಇಲ್ಲ. ರಾಣಿಯ ಕೈಯಿಂದ ವಿಂಬಲ್ಡನ್ ಪ್ರಶಸ್ತಿ ಪಡೆದವರು ಕಾರಿನಲ್ಲಿ ಕೂತು ಶೂ ಬದಲಿಸಿಕೊಂಡು ಆಡಲು ಹೋಗುತ್ತಿದ್ದರು.

ಒಟ್ಟು 171 ಟೂರ್ನಿ ಆಡಿದರು. ಒಂದನ್ನೂ ಗೆಲ್ಲಲಿಲ್ಲ. 1970ರಲ್ಲಿ ಒಂದು ಕಡೆ ಮೂವರು ಸಮನಾಗಿ ನಿಂತು, ಪ್ಲೇಆಫ್‌ನಲ್ಲಿ ಪ್ರಶಸ್ತಿ ಕೈತಪ್ಪಿದ್ದು ಅವರ ಅತ್ಯುತ್ತಮ ಸಾಧನೆ. ಇಷ್ಟೂ ವರ್ಷಗಳ ಗಳಿಕೆ 25 ಸಾವಿರ ಡಾಲರ್ ಮುಟ್ಟಲಿಲ್ಲ. ಭಾಗಿಸಿ ನೋಡಿ, ಟೂರ್ನಿಗೆ 150 ಡಾಲರ್ ಕೂಡ ಬೀಳುವುದಿಲ್ಲ. ಪ್ರಯಾಣ, ಊಟ, ಪ್ರವೇಶ ಶುಲ್ಕ ಎಲ್ಲ ಇದರಲ್ಲೇ. 30 ದಾಟಿದ ಮೇಲೆ ಗಾಲ್ಫ್‌ಗೆ ಇಳಿದವರು ಚಿಕ್ಕಂದಿನಿಂದ ಕೋಲು ಹಿಡಿದವರ ಎದುರು ಇಷ್ಟು ವರ್ಷ ನಿಂತದ್ದೇ ದೊಡ್ಡದು. ಆದರೆ ಹೊಟ್ಟೆಪಾಡಿನ ಲೆಕ್ಕದಲ್ಲಿ ಗಾಲ್ಫ್ ಕೂಡ ಕೈಹಿಡಿಯಲಿಲ್ಲ.

ಹತ್ತು ವರ್ಷದ ತಪ್ಪಿದ ಲೆಕ್ಕ

1968ರಲ್ಲಿ ಟೆನಿಸ್ ಮುಕ್ತವಾಯಿತು, ವೃತ್ತಿಪರರೂ ಆಡಬಹುದು ಅಂತಾಯಿತು. ಆ ವರ್ಷ ವಿಂಬಲ್ಡನ್ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750 ಪೌಂಡ್ ಸಿಕ್ಕಿತು. ಗಂಡಸರ ಚಾಂಪಿಯನ್‌ಗೆ 2,000. ಇದರ ವಿರುದ್ಧ ಸಿಡಿದ ಒಂಬತ್ತು ಆಟಗಾರ್ತಿಯರು 1970ರಲ್ಲಿ ಹ್ಯೂಸ್ಟನ್‌ನಲ್ಲಿ ಒಂದೊಂದು ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ತಮ್ಮದೇ ಬೇರೆ ಟೂರ್ನಿಗಳ ಸರಣಿ ಕಟ್ಟಿದರು. 1973ರಲ್ಲಿ ಯುಎಸ್ ಓಪನ್ ಗಂಡು ಹೆಣ್ಣು ಇಬ್ಬರಿಗೂ ಸಮನಾದ ಬಹುಮಾನ ಕೊಟ್ಟಿತು. 2025ರಲ್ಲಿ ಅದೇ ಟೂರ್ನಿ ಗೆದ್ದ ಅರಿನಾ ಸಬಲೆಂಕಾ ಮನೆಗೆ ಒಯ್ದದ್ದು 50 ಲಕ್ಷ ಡಾಲರ್.

ಟೆನಿಸ್ ಮುಕ್ತವಾದಾಗ ಗಿಬ್ಸನ್ ವಯಸ್ಸು 40 ದಾಟಿತ್ತು. ಮತ್ತೆ ಆಡಲು ನೋಡಿದರು, ಕಾಲು ಕೇಳಲಿಲ್ಲ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಗಾಲ್ಫ್ ಆಡುವ ಅಗತ್ಯವೇ ಅವರಿಗೆ ಬರುತ್ತಿರಲಿಲ್ಲವೇನೋ. ಎರಡು ದೊಡ್ಡ ಆಟಗಳಲ್ಲಿ ಮೊದಲಿಗರು ಅನ್ನುವ ಕೀರ್ತಿಯ ಹಿಂದೆ ಒಂದು ಆಟ ಅವರನ್ನು ಸಾಕಲಿಲ್ಲ ಅನ್ನುವ ಸತ್ಯವಿದೆ. ಅವರನ್ನು ಕೊಂಡಾಡುವವರು ಇದನ್ನೂ ಜೊತೆಗೇ ಹೇಳಬೇಕು, ಇಲ್ಲದಿದ್ದರೆ ಬಡತನ ತಂದ ಅಲೆದಾಟವೆಲ್ಲ ಪ್ರತಿಭೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ.

1970ರ ದಶಕದಲ್ಲಿ ನ್ಯೂಜೆರ್ಸಿ ರಾಜ್ಯದ ಅಥ್ಲೆಟಿಕ್ ಕಮಿಷನರ್ ಆದರು, ಅಧಿಕಾರವಿಲ್ಲದ ಹುದ್ದೆ ಅಂತ ಬೇಗ ಬಿಟ್ಟರು. ಮಕ್ಕಳ ಆಟೋಟದ ಕೆಲಸ ಮಾಡಿಕೊಂಡು ಈಸ್ಟ್ ಆರೆಂಜ್‌ನಲ್ಲಿ ಉಳಿದರು. 1990ರ ದಶಕದಲ್ಲಿ ಪಾರ್ಶ್ವವಾಯು. ಬಾಡಿಗೆಗೆ, ಔಷಧಿಗೆ ಹಣವಿಲ್ಲ. ಬದುಕೇ ಸಾಕು ಅನ್ನಿಸಿದ ಒಂದು ದಿನ ಅವರು ಫೋನ್ ಮಾಡಿದ್ದು ಏಂಜೆಲಾ ಬಕ್ಸ್‌ಟನ್‌ಗೆ. ಬಕ್ಸ್‌ಟನ್ ಮೊದಲು ತಮ್ಮ ಕೈಯಿಂದ ಹಣ ಕಳಿಸಿದರು. ಆಮೇಲೆ ಟೆನಿಸ್ ಪತ್ರಿಕೆಯೊಂದರಲ್ಲಿ ಗಿಬ್ಸನ್ ಪರಿಸ್ಥಿತಿ ತಿಳಿಸುವ ಪತ್ರ ಬರುವಂತೆ ಮಾಡಿದರು. ನಾನಾ ದೇಶಗಳಿಂದ ಅಂಚೆಯಲ್ಲಿ ಹಣ ಬರತೊಡಗಿತು, ಒಟ್ಟು ಸುಮಾರು 10 ಲಕ್ಷ ಡಾಲರ್ ಆಯಿತು. 2003ರ ಸೆಪ್ಟೆಂಬರ್ 28ರಂದು ಗಿಬ್ಸನ್ ತೀರಿಕೊಂಡರು.

ಇಷ್ಟು ತಡ ಯಾಕಾಯಿತು?

ಸತ್ತು 16 ವರ್ಷವಾದ ಮೇಲೆ, 2019ರಲ್ಲಿ, ಯುಎಸ್ ಓಪನ್ ಅಂಗಳದಲ್ಲಿ ಅವರ ಪ್ರತಿಮೆ ನಿಂತಿತು. ಅದು ನಿಂತಿರುವುದು ಆರ್ಥರ್ ಆ್ಯಶ್ ಹೆಸರಿನ ಕ್ರೀಡಾಂಗಣದ ಪಕ್ಕದಲ್ಲಿ, ಬಿಲ್ಲಿ ಜೀನ್ ಕಿಂಗ್ ಹೆಸರಿನ ಸಂಕೀರ್ಣದ ಒಳಗೆ. ಆ್ಯಶ್ ಯುಎಸ್ ಓಪನ್ ಗೆದ್ದದ್ದು ಗಿಬ್ಸನ್ ಗೆದ್ದು 11 ವರ್ಷದ ನಂತರ. ಅವರನ್ನು ಬೆಳೆಸಿದ್ದೂ ಅದೇ ಡಾ. ಜಾನ್ಸನ್. 'ಮೊದಲ ಕಪ್ಪು ವರ್ಣೀಯ ಚಾಂಪಿಯನ್' ಅಂದರೆ ಎಷ್ಟೋ ಜನಕ್ಕೆ ಆ್ಯಶ್ ನೆನಪಾಗುತ್ತಾರೆ. ಅವರು ಗಂಡಸರಲ್ಲಿ ಮೊದಲು, ಒಟ್ಟಾರೆ ಮೊದಲು ಗಿಬ್ಸನ್. 1958ರಲ್ಲಿ ಗಿಬ್ಸನ್ ಕೊನೆಯ ಸಲ ಗೆದ್ದ ಮೇಲೆ ಇನ್ನೊಬ್ಬ ಕಪ್ಪು ವರ್ಣೀಯ ಅಮೆರಿಕನ್ ಮಹಿಳೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆಲ್ಲಲು 1999ರ ಸೆರೆನಾ ವಿಲಿಯಮ್ಸ್ ತನಕ ಕಾಯಬೇಕಾಯಿತು, 41 ವರ್ಷ.

ತಡಕ್ಕೆ ಒಂದು ಕಾರಣ ಟಿವಿ. ಗಿಬ್ಸನ್ ಆಡಿದ ಕಾಲದ ದೃಶ್ಯಗಳು ಕಡಿಮೆ, ಆ್ಯಶ್ ಮತ್ತು ಕಿಂಗ್ ಮನೆಮನೆಯ ಪರದೆ ಮೇಲೆ ಬಂದವರು. ಇನ್ನೊಂದು ಕಾರಣ ಗಿಬ್ಸನ್ ಅವರ ನಿಲುವು. ತಾನು ಯಾವ ಹೋರಾಟದ ಮುಂದಾಳೂ ಅಲ್ಲ, ಆಟಗಾರ್ತಿ, ನನ್ನನ್ನು ನಾನಾಗಿ ನೋಡಿ ಅಂತ ಅವರು ಹೇಳುತ್ತಿದ್ದರು. ಕಪ್ಪು ವರ್ಣೀಯರ ಪತ್ರಿಕೆಗಳೇ ಇದನ್ನು ಟೀಕಿಸಿದವು. ನಾಗರಿಕ ಹಕ್ಕು ಚಳವಳಿಯ ಬಿಸಿಯಲ್ಲಿ, ಸಂಕೇತವಾಗಲು ಒಪ್ಪದವರನ್ನು ಸಂಕೇತವಾಗಿ ಎತ್ತಿ ಹಿಡಿಯುವವರು ಯಾರು? ಆದರೂ ಅವರ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಒಬ್ಬರ ಹೆಗಲ ಮೇಲೆ ಇಡೀ ಸಮುದಾಯವನ್ನು ಹೊರಿಸುವುದು ಇನ್ನೊಂದು ಥರದ ಅನ್ಯಾಯ.

ನಾಣ್ಯದಿಂದ ಆಗುವುದೇನು?

ಇದರ ಬಗ್ಗೆ ಎರಡು ಮಾತಿದೆ. ಬದುಕಿದ್ದಾಗ ಬಾಡಿಗೆಗೆ ಆಗದ ದೇಶ ಸತ್ತ ಮೇಲೆ ಮುಖವನ್ನು ಲೋಹಕ್ಕೆ ಒತ್ತಿದರೆ ಏನು ಬಂತು ಅಂತ ಕೇಳುವವರಿದ್ದಾರೆ. 20 ಡಾಲರ್ ನೋಟಿನ ಮೇಲೆ ಗುಲಾಮಗಿರಿ ವಿರುದ್ಧ ಹೋರಾಡಿದ ಹ್ಯಾರಿಯಟ್ ಟಬ್‌ಮನ್ ಬರುತ್ತಾರೆ ಅಂತ 2016ರಲ್ಲಿ ಹೇಳಿದ್ದು ಇನ್ನೂ ಆಗಿಲ್ಲ, ನಾಣ್ಯ ಅಗ್ಗದ ಸಮಾಧಾನ ಅನ್ನುವುದು ಅವರ ವಾದ. ಇನ್ನೊಂದು ಕಡೆಯವರು ನಾಣ್ಯದ ಓಡಾಟ ನೋಡಿ ಅನ್ನುತ್ತಾರೆ. ಪ್ರತಿಮೆ ನೋಡಲು ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಹೋಗಬೇಕು. ನಾಣ್ಯ ಬಟ್ಟೆ ಒಗೆಯುವ ಯಂತ್ರಕ್ಕೆ, ಪಾರ್ಕಿಂಗ್ ಮೀಟರಿಗೆ, ಮಗುವಿನ ಹುಂಡಿಗೆ ತಾನಾಗಿ ಬರುತ್ತದೆ, ಹತ್ತಾರು ವರ್ಷ ಸುತ್ತುತ್ತದೆ. ಎರಡನೆಯ ವಾದಕ್ಕೆ ತೂಕ ಜಾಸ್ತಿ ಅನ್ನಿಸುತ್ತದೆ, ಆದರೆ ಮೊದಲನೆಯವರ ಸಿಟ್ಟು ಸುಳ್ಳಲ್ಲ.

ಮುಂದೆ ಏನಾಗುತ್ತದೆ ಅನ್ನುವುದು ಅದೇ ಕಾನೂನಿನಲ್ಲಿದೆ. 2027ರಿಂದ 2030ರವರೆಗೆ ಕ್ವಾರ್ಟರ್ ಮೇಲೆ ಮಕ್ಕಳು ಆಡುವ ಆಟಗಳ ಚಿತ್ರ, ಅರ್ಧ ಡಾಲರ್ ಮೇಲೆ ಪ್ಯಾರಾಲಿಂಪಿಕ್ ಆಟಗಳು. ನಡುವೆ 2028ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸ್. ಯಾವ ಆಟ ಸೇರಬೇಕು ಅನ್ನುವ ಚರ್ಚೆ ಏಳುವುದು ಖಚಿತ. ಖಾಸಗಿ ತರಬೇತಿಗೆ ಹಣ ಸುರಿದು ಒಂದೇ ಆಟಕ್ಕೆ ಮಕ್ಕಳನ್ನು ಕಟ್ಟಿಹಾಕುವ ಕಾಲದಲ್ಲಿ, ಬೀದಿ ಮುಚ್ಚಿ ಪುಕ್ಕಟೆ ಆಡಿಸಿದ ವ್ಯವಸ್ಥೆಯಿಂದ ಬಂದ ಆಟಗಾರ್ತಿಯ ಹೆಸರು ಆ ಚರ್ಚೆಯಲ್ಲಿ ಬಂದರೆ ಒಳ್ಳೆಯದು. ಆ 143ನೇ ಬೀದಿಗೆ 2022ರಲ್ಲಿ ಅವರ ಹೆಸರಿಟ್ಟಿದ್ದಾರೆ.

ಅಮೆರಿಕದಲ್ಲಿರುವ ಕನ್ನಡಿಗರು ಚಿಲ್ಲರೆ ಡಬ್ಬಿ ಒಮ್ಮೆ ಹುಡುಕಿ ನೋಡಬಹುದು. ಹಿಂಭಾಗದಲ್ಲಿ ರ್‍ಯಾಕೆಟ್ ಜೊತೆ ಗಿಬ್ಸನ್ ಇರುತ್ತಾರೆ. ಮುಂಭಾಗದಲ್ಲಿ ಸಣ್ಣ ಪಿ ಅಕ್ಷರವಿದ್ದರೆ ಫಿಲಡೆಲ್ಫಿಯಾದ ಟಂಕಸಾಲೆಯದ್ದು, ಡಿ ಇದ್ದರೆ ಡೆನ್ವರ್‌ನದ್ದು. ಬೆಲೆ 25 ಸೆಂಟೇ, ಲಕ್ಷಾಂತರ ರೂಪಾಯಿ ಬಾಳುತ್ತದೆ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ನಂಬಬೇಡಿ. ಮುಂಭಾಗ ನೋಡುವಾಗ ವಾಷಿಂಗ್ಟನ್ ಮುಖವನ್ನೂ ಸರಿಯಾಗಿ ನೋಡಿ, ಹಳೇ ಕ್ವಾರ್ಟರ್‌ನಂತೆ ಎಡಕ್ಕಲ್ಲ, ಬಲಕ್ಕೆ ತಿರುಗಿದೆ. ಅದನ್ನು ಮಾಡಿದವರು ಲಾರಾ ಗಾರ್ಡಿನ್ ಫ್ರೇಸರ್ ಅನ್ನುವ ಶಿಲ್ಪಿ. 1932ರ ನಾಣ್ಯಕ್ಕೆ ಅವರ ವಿನ್ಯಾಸವೇ ಚೆನ್ನಾಗಿದೆ ಅಂತ ಕಲಾ ಆಯೋಗ ಹೇಳಿತ್ತು, ಖಜಾನೆ ಕಾರ್ಯದರ್ಶಿ ಅದನ್ನು ಬಿಟ್ಟು ಒಬ್ಬ ಗಂಡಸಿನ ವಿನ್ಯಾಸ ಆರಿಸಿದರು. ಫ್ರೇಸರ್ ಮಾಡಿದ ಮುಖ ಜನರ ಕೈಗೆ ಚಿಲ್ಲರೆಯಾಗಿ ಬಂದದ್ದು 2022ರಲ್ಲಿ, 90 ವರ್ಷದ ಮೇಲೆ.